ಸೈಟಿಗೆ ಇ.ಸಿ. ತೆಗೆಸುತ್ತೀರಿ, ಸಹಿ ಹಾಕಿದ ಬ್ಯಾಟಿಗೆ?

ಹೋದ ತಿಂಗಳು ಅಕ್ಕನ ಮಗ ಸರಸ್ವತಿಪುರಂನ ನಮ್ಮ ಮನೆಗೆ ಬಂದಿದ್ದ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಬ್ಯಾಗಿನಿಂದ ಒಂದು ದಪ್ಪ ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಫುಟ್‌ಬಾಲ್ ಆಟಗಾರನೊಬ್ಬನ ಕಾರ್ಡು, ಮೇಲುಗಡೆ ಸಣ್ಣ ಲೇಬಲ್, ಅದರಲ್ಲಿ 9 ಅಂತ ಅಂಕಿ.

"ಮಾಮ, ಮೂವತ್ತೆಂಟು ಸಾವಿರ ಕೊಟ್ಟೆ. ಎರಡು ವರ್ಷ ಇಟ್ಟರೆ ಡಬಲ್ ಆಗುತ್ತಂತೆ."

"ಯಾರಿಗೆ ಮಾರ್ತೀಯ?" ಅಂದೆ.

ಅವನ ಹತ್ತಿರ ಉತ್ತರ ಇರಲಿಲ್ಲ. ಅಡುಗೆಮನೆಯಿಂದ ಅಕ್ಕ "ಆ ದುಡ್ಡಿಗೆ ಚಿನ್ನ ತಗೋಬಹುದಿತ್ತು" ಅಂದಳು. ಅಕ್ಕ ಹೇಳಿದ್ದರಲ್ಲಿ ಒಂದು ನಿಜ ಇದೆ. ಚಿನ್ನವನ್ನು ಇವತ್ತು ಸಂಜೆ ದೇವರಾಜ ಅರಸು ರಸ್ತೆಗೆ ತೆಗೆದುಕೊಂಡು ಹೋದರೆ ತೂಗಿ ದುಡ್ಡು ಕೊಡುತ್ತಾರೆ. ಕಾರ್ಡಿಗೆ ಹಾಗೆ ತೂಗಿ ಕೊಡುವ ಅಂಗಡಿ ಇಲ್ಲ. ಆದರೂ ಹುಡುಗನಿಗೆ ಬೈದು ಸುಮ್ಮನಾಗುವ ವಿಷಯ ಇದಲ್ಲ ಅನ್ನಿಸಿತು. ಇಂಥ ಕಾರ್ಡು, ಆಟಗಾರರ ಸಹಿ, ಬ್ಯಾಟು, ಜೆರ್ಸಿಗಳ ವ್ಯಾಪಾರದಲ್ಲಿ ನಿಜವಾಗಿಯೂ ಕೋಟಿಗಟ್ಟಲೆ ದುಡ್ಡು ಓಡಾಡುತ್ತದೆ, ಅಷ್ಟೇ ಮೋಸವೂ ಓಡಾಡುತ್ತದೆ, ಮತ್ತು ನಮ್ಮ ಕಡೆ ಹುಡುಗರು ಈಗ ಫೋನಿನಲ್ಲಿ ವಿಡಿಯೊ ನೋಡಿ ಸಂಬಳದ ದುಡ್ಡು ಹಾಕಲು ಶುರು ಮಾಡಿದ್ದಾರೆ. ಅದಕ್ಕೇ ನನಗೆ ಗೊತ್ತಿರುವಷ್ಟನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಒಂದು ಚೂರು ರಟ್ಟಿಗೆ ಇಷ್ಟು ಬೆಲೆ ಯಾಕೆ? ಇದೆಲ್ಲ ಶುರುವಾಗಿದ್ದು ಸಿಗರೇಟು ಪ್ಯಾಕಿನಿಂದ. ಪ್ಯಾಕು ಬಾಗದಿರಲಿ ಅಂತ ಒಳಗೊಂದು ರಟ್ಟು ಇಡುತ್ತಿದ್ದರು. ಅದರ ಮೇಲೆ ಆಟಗಾರರ ಚಿತ್ರ ಅಚ್ಚು ಹಾಕಿದರೆ ಜನ ಅದಕ್ಕೋಸ್ಕರವೇ ಪ್ಯಾಕು ಕೊಳ್ಳುತ್ತಾರೆ ಅಂತ ಕಂಪನಿಗಳಿಗೆ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ವಿಲ್ಸ್ ಕಂಪನಿ 1896ರಲ್ಲೇ ಕ್ರಿಕೆಟಿಗರ ಕಾರ್ಡು ತಂದಿತ್ತು. ಅಮೆರಿಕದಲ್ಲಿ 1909ರಿಂದ 1911ರ ನಡುವೆ ಬಂದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿನ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಆಮೇಲೆ ಸಿಗರೇಟಿನ ಜಾಗಕ್ಕೆ ಬಬಲ್ ಗಮ್ ಬಂತು. ನಮ್ಮ ಬಾಲ್ಯದಲ್ಲೂ ಗಮ್ ಜೊತೆ ಕ್ರಿಕೆಟ್ ಚಿತ್ರ ಸಿಗುತ್ತಿದ್ದದ್ದು, ಟ್ರಂಪ್ ಕಾರ್ಡ್ ಆಡುತ್ತಿದ್ದದ್ದು ನೆನಪಿದೆ ಅಲ್ವಾ? ಅಷ್ಟಕ್ಕೂ ಮೈಸೂರಿಗೆ ಬೆಲೆಬಾಳುವ ಆಟದ ಎಲೆಗಳು ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ, ಅಂದರೆ ಕೈಯಲ್ಲಿ ಚಿತ್ರ ಬರೆದ ಆಟದ ಎಲೆ, ಇಲ್ಲಿಯದೇ.

ಕಾರ್ಡಿನ ಬೆಲೆ ಹೇಗೆ ಹುಟ್ಟುತ್ತದೆ ಅನ್ನೋದಕ್ಕೆ ಒಂದೇ ಒಂದು ಕಥೆ ಸಾಕು. 1952ರಲ್ಲಿ ಟಾಪ್ಸ್ ಅನ್ನೋ ಕಂಪನಿ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಅವರ ಕಾರ್ಡು ತಂದಿತು. ಆ ಕಂತು ತಡವಾಗಿ ಬಂತು, ಅಷ್ಟು ಹೊತ್ತಿಗೆ ಸೀಸನ್ ಮುಗಿಯುತ್ತಾ ಬಂದಿತ್ತು, ಮಾಲು ಉಳಿದುಹೋಯಿತು. ಎಷ್ಟೋ ವರ್ಷ ಗೋಡೌನಿನಲ್ಲಿ ಕೊಳೆತ ಮೇಲೆ, 1960ರಲ್ಲಿ ಅದನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವು ಅಂತ ಆ ಕಾರ್ಡನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಹಾಗೆ ಹಾಳಾಗದೆ ಉಳಿದವುಗಳಲ್ಲಿ ಚೆನ್ನಾಗಿರುವ ಒಂದನ್ನು 1991ರಲ್ಲಿ ಒಬ್ಬರು 50,000 ಡಾಲರಿಗೆ ಕೊಂಡರು. 2022ರ ಆಗಸ್ಟ್‌ನಲ್ಲಿ ಅದು 1.26 ಕೋಟಿ ಡಾಲರಿಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ.

ಈ ಸುದ್ದಿ ಓದಿದವರಿಗೆ ಏನನ್ನಿಸುತ್ತೆ? ನಾವೂ ಕೊಂಡು ಇಟ್ಟುಬಿಡೋಣ ಅಂತ. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ಜನ ಅದನ್ನೇ ಮಾಡಿದರು. ಡಬ್ಬಿಗಟ್ಟಲೆ ಕಾರ್ಡು ಕೊಂಡು, ಒಂದು ಮೂಲೆಯೂ ಮುಕ್ಕಾಗದ ಹಾಗೆ ಮಕ್ಕಳ ಓದಿಗೆ ಅಂತ ಅಟ್ಟದ ಮೇಲಿಟ್ಟರು. ಕಂಪನಿಗಳೂ ಬೇಡಿಕೆ ನೋಡಿ ಮನಬಂದಂತೆ ಅಚ್ಚು ಹಾಕಿದವು. ಇವತ್ತು ಆ ಕಾಲದ ಬಹುಪಾಲು ಕಾರ್ಡಿಗೆ ಕೊರಿಯರ್ ಖರ್ಚೂ ಹುಟ್ಟುವುದಿಲ್ಲ. ಎಲ್ಲರೂ ಜೋಪಾನ ಮಾಡಿದ್ದಕ್ಕೆ ಬೆಲೆ ಇಲ್ಲ, ಯಾರೂ ಜೋಪಾನ ಮಾಡದೇ ಇದ್ದದ್ದಕ್ಕೆ ಬೆಲೆ ಬಂತು. ಹೊಸ ಪ್ಯಾಕಿನ ಮೇಲೆ "ಲಿಮಿಟೆಡ್" ಅಂತ ಹೊಳೆಯುವ ಅಕ್ಷರ ಕಂಡರೆ ಈ ಅಟ್ಟದ ಡಬ್ಬಿಗಳನ್ನು ನೆನಪಿಸಿಕೊಳ್ಳಿ.

ಇನ್ನು ಆ 9 ಅನ್ನೋ ಅಂಕಿ. ಇದಕ್ಕೆ ಗ್ರೇಡಿಂಗ್ ಅನ್ನುತ್ತಾರೆ. ಕಾರ್ಡನ್ನು ಗ್ರೇಡಿಂಗ್ ಕಂಪನಿಗೆ ಕಳಿಸಿದರೆ ಅವರು ಅಸಲಿಯೋ ಅಂತ ನೋಡಿ, 1ರಿಂದ 10ರವರೆಗೆ ಅಂಕ ಕೊಟ್ಟು, ಬಿಚ್ಚಲು ಬಾರದ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ಕಳಿಸುತ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅಂತ ಹೆಸರು. ಹೆಚ್ಚು ಹೆಸರಿರುವುದು 1991ರಲ್ಲಿ ಶುರುವಾದ ಪಿಎಸ್‌ಎ ಕಂಪನಿಗೆ. ಮಂಡ್ಯದ ಬೆಲ್ಲದ ಮಾರುಕಟ್ಟೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಸೀಮೆಯ ಕಬ್ಬು, ಒಂದೇ ವಾರ ಗಾಣ ಆಡಿದ್ದು, ಆದರೂ ಬಣ್ಣ, ಗಟ್ಟಿತನ, ಅಚ್ಚು ನೋಡಿ ಬೆಲೆ ಬೇರೆ ಬೇರೆ. ಇಲ್ಲೂ ಹಾಗೇ. ಚಿತ್ರ ಒಂದೇ, ಅಂಕ ಬೇರೆ, ಬೆಲೆಯಲ್ಲಿ ಆಕಾಶ ಭೂಮಿ ವ್ಯತ್ಯಾಸ.

ಅವರು ನೋಡುವುದು ಮುಖ್ಯವಾಗಿ ನಾಲ್ಕು. ಚಿತ್ರ ನಡುಮಧ್ಯಕ್ಕೆ ಇದೆಯಾ, ಮೂಲೆಗಳು ಚೂಪಾಗಿವೆಯಾ, ಅಂಚು ಸವೆದಿದೆಯಾ, ಮೇಲ್ಮೈಯಲ್ಲಿ ಗೀರು ಇದೆಯಾ. ಹುಡುಗನ ಕಾರ್ಡನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಾನೂ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಓರೆಯಾಗಿ ತಿರುಗಿಸಿದಾಗ ಆಟಗಾರನ ಭುಜದ ಹತ್ತಿರ ಕೂದಲೆಳೆಯಷ್ಟು ಒಂದು ಗೆರೆ ಮಿಂಚಿತು. ಎಡಗಡೆಯ ಬಿಳಿ ಅಂಚು ಬಲಗಡೆಗಿಂತ ಸ್ವಲ್ಪ ಅಗಲ. 10 ಸಿಗದೆ 9 ಸಿಕ್ಕಿದ್ದು ಇಷ್ಟಕ್ಕೇ ಇರಬೇಕು.

ಇನ್ನೊಂದು ಕೆಲಸ ಅವನು ಮಾಡಿರಲಿಲ್ಲ, ಕೂತು ಮಾಡಿಸಿದೆ. ಒಂದು ಕಾರ್ಡಿನ ಎಷ್ಟು ಪ್ರತಿಗಳಿಗೆ 10 ಅಂಕ ಸಿಕ್ಕಿದೆ, ಎಷ್ಟು ಪ್ರತಿಗಳಿಗೆ 9 ಅಂತ ಗ್ರೇಡಿಂಗ್ ಕಂಪನಿಗಳೇ ಲೆಕ್ಕ ಇಟ್ಟು ವೆಬ್‌ಸೈಟಿನಲ್ಲಿ ಹಾಕುತ್ತವೆ. ಇದಕ್ಕೆ ಪಾಪ್ಯುಲೇಷನ್ ರಿಪೋರ್ಟ್ ಅನ್ನುತ್ತಾರೆ. 1952ರ ಮ್ಯಾಂಟಲ್ ಕಾರ್ಡಿಗೆ ಪಿಎಸ್‌ಎ 10 ಸಿಕ್ಕಿರುವುದು ಬರೀ ಮೂರು ಪ್ರತಿಗೆ. ನಮ್ಮ ಹುಡುಗನ ಕಾರ್ಡಿನಲ್ಲಿ 9 ಸಿಕ್ಕವು ಸಾವಿರಾರು ಇದ್ದವು, ವಾರವಾರ ಇನ್ನೂ ಸೇರುತ್ತಲೇ ಇವೆ. ಅವನ ಮುಖ ಸಣ್ಣದಾಯಿತು. ಆದರೆ ಕೊಳ್ಳುವ ಮೊದಲು ಐದು ನಿಮಿಷ ನೋಡಿದ್ದರೆ ಗೊತ್ತಾಗುವ ವಿಷಯ ಇದು, ದುಡ್ಡೂ ಕೇಳುವುದಿಲ್ಲ.

ಅಂಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಪಿಎಸ್‌ಎ ಮೊಟ್ಟಮೊದಲು ಅಂಕ ಕೊಟ್ಟದ್ದು ಮೇಲೆ ಹೇಳಿದ ಹೋನಸ್ ವ್ಯಾಗ್ನರ್ ಕಾರ್ಡಿನ ಇನ್ನೊಂದು ಪ್ರತಿಗೆ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಜ್‌ಕಿ ಇನ್ನೊಬ್ಬರ ಜೊತೆಗೂಡಿ ಕೊಂಡದ್ದು, 8 ಅಂಕ ಪಡೆದದ್ದು. ಅದರ ಅಂಚನ್ನು ಚೂಪು ಕಾಣಲಿ ಅಂತ ಕತ್ತರಿಸಿದ್ದೆ ಅಂತ ಅದನ್ನು ಹಿಂದೆ ಮಾರಿದ್ದ ಬಿಲ್ ಮ್ಯಾಸ್ಟ್ರೊ ಅನ್ನುವ ಹರಾಜುಗಾರ 2013ರಲ್ಲಿ ಕೋರ್ಟಿನ ಮುಂದೆ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಅದು 28 ಲಕ್ಷ ಡಾಲರಿಗೆ ಕೈಬದಲಾಗಿತ್ತು.

ಈಗ ನನಗೆ ಜಾಸ್ತಿ ಮನಸ್ಸಿರುವ ಭಾಗಕ್ಕೆ ಬರುತ್ತೇನೆ. ಬ್ಯಾಟು, ಬಾಲು, ಜೆರ್ಸಿ, ಕ್ಯಾಪು, ಟಿಕೆಟ್, ಸಹಿ. ನಮ್ಮ ಕಡೆ ಕಾರ್ಡಿಗಿಂತ ಇವೇ ಜಾಸ್ತಿ. ಇಲ್ಲಿ ನೀವು ದುಡ್ಡು ಕೊಡುವುದು ವಸ್ತುವಿಗಲ್ಲ, ಅದರ ಪುರಾವೆಗೆ. ಸೈಟು ಕೊಳ್ಳುವಾಗ ಏನು ಮಾಡುತ್ತೀರಿ? ಖಾತೆ ನೋಡುತ್ತೀರಿ, ಮೂಲಪತ್ರ ಕೇಳುತ್ತೀರಿ, ಇ.ಸಿ. ಅಂದರೆ ಋಣಭಾರ ಪತ್ರ ತೆಗೆಸುತ್ತೀರಿ, ಯಾರಿಂದ ಯಾರಿಗೆ ಬಂತು ಅಂತ ಒಂದು ಕೊಂಡಿಯೂ ತಪ್ಪದ ಹಾಗೆ ವಕೀಲರಿಂದ ಓದಿಸುತ್ತೀರಿ. ಒಬ್ಬ ಆಟಗಾರನ ಕೈಯಿಂದ ನಿಮ್ಮ ಕೈಗೆ ಬಂದ ಬ್ಯಾಟಿಗೂ ಅದೇ ಕೊಂಡಿ ಬೇಕು.

ಬೇಬ್ ರೂತ್ ಅನ್ನೋ ಬೇಸ್‌ಬಾಲ್ ದಿಗ್ಗಜನ ಒಂದು ಜೆರ್ಸಿ 2005ರಲ್ಲಿ 9,40,000 ಡಾಲರಿಗೆ ಹೋಗಿತ್ತು. ಆಮೇಲೆ ತಜ್ಞರು ಹಳೇ ಫೋಟೊಗಳ ಪಕ್ಕ ಆ ಜೆರ್ಸಿ ಇಟ್ಟು, ಹೊಲಿಗೆ ಎಲ್ಲಿ ಹೇಗಿದೆ, ಅಕ್ಷರ ಬಟ್ಟೆಯ ಮೇಲೆ ಎಲ್ಲಿ ಕೂತಿದೆ ಅಂತ ಹೋಲಿಸಿ, ಇದು 1932ರ ವರ್ಲ್ಡ್ ಸೀರೀಸ್‌ನ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯ, ಮೂರನೇ ಪಂದ್ಯದಲ್ಲಿ ತೊಟ್ಟದ್ದೇ ಅಂತ ತೋರಿಸಿದರು. ಇದಕ್ಕೆ ಫೋಟೊ ಮ್ಯಾಚಿಂಗ್ ಅನ್ನುತ್ತಾರೆ. 2024ರ ಆಗಸ್ಟ್‌ನಲ್ಲಿ ಅದೇ ಜೆರ್ಸಿ 2.41 ಕೋಟಿ ಡಾಲರಿಗೆ ಹೋಯಿತು. ನಡುವೆ ಮಾರುಕಟ್ಟೆಯೂ ಏರಿತ್ತು, ನಿಜ. ಆದರೆ ಬಟ್ಟೆ ಅದೇ, ಹೊಸದಾಗಿ ಸೇರಿದ್ದು ಪುರಾವೆ. ಮರಡೋನಾ 1986ರಲ್ಲಿ ಇಂಗ್ಲೆಂಡ್ ಮೇಲೆ ಕೈಯಿಂದ ಗೋಲು ಹೊಡೆದಾಗ ತೊಟ್ಟ ಅಂಗಿಯ ಕಥೆಯೂ ಹೀಗೇ. ಆಟ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಜ್ ಅದನ್ನು ಬದಲಿಸಿಕೊಂಡಿದ್ದರು. 2022ರಲ್ಲಿ ಹರಾಜಿಗೆ ಬಂದಾಗ ಮರಡೋನಾ ಮಗಳು ಇದು ಮೊದಲರ್ಧದ ಅಂಗಿ, ಗೋಲು ಹೊಡೆದಾಗಿನದಲ್ಲ ಅಂದರು. ಹರಾಜು ನಡೆಸಿದವರು ಫೋಟೊ ಹೋಲಿಕೆ ಮುಂದಿಟ್ಟರು. ಕೊನೆಗೆ 71 ಲಕ್ಷ ಪೌಂಡಿಗೆ ಹೋಯಿತು.

ನನಗೆ ಈ ಪಾಠ ಹದಿನಾಲ್ಕೂವರೆ ಸಾವಿರಕ್ಕೆ ಬಂತು. ಕೆಲವು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಬ್ಬರಿಂದ "ಇಡೀ ತಂಡದ ಸಹಿ ಇರುವ ಬ್ಯಾಟು" ತರಿಸಿದೆ. ಜೊತೆಗೆ ಬಂಗಾರದ ಅಂಚಿನ ಒಂದು ಸರ್ಟಿಫಿಕೇಟ್. ಗಾಜಿನ ಪೆಟ್ಟಿಗೆ ಮಾಡಿಸಿ ಹಾಲಿನಲ್ಲಿ ಇಟ್ಟಿದ್ದೆ. ಒಂದು ದಿನ ಮನೆಗೆ ಬಂದ ಸ್ನೇಹಿತರೊಬ್ಬರು, ಅಂಚೆಚೀಟಿ ಸಂಗ್ರಹಿಸುವವರು, ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿ ಸುಮ್ಮನೆ ನನ್ನ ಕೈಗೆ ಕೊಟ್ಟರು. ಸಹಿಯ ಗೆರೆಗಳೆಲ್ಲ ಸಣ್ಣ ಸಣ್ಣ ಚುಕ್ಕಿಗಳು. ಅಂದರೆ ಅಚ್ಚು. ಪೆನ್ನಿನಿಂದ ಬರೆದಿದ್ದರೆ ಒಂದು ಗೆರೆ ಇನ್ನೊಂದನ್ನು ದಾಟುವ ಕಡೆ ಶಾಯಿ ದಟ್ಟವಾಗಿರುತ್ತದೆ, ಶುರುವಿನಲ್ಲಿ ಒತ್ತಿ ಕೊನೆಯಲ್ಲಿ ತೇಲಿರುತ್ತದೆ, ಮೆತ್ತಗಿನ ಮರದ ಮೇಲೆ ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಇದರಲ್ಲಿ ಎಲ್ಲಾ ಕಡೆ ಒಂದೇ ನಯ. ಹನ್ನೊಂದು ಜನ ಒಂದೇ ಪೆನ್ನಿನಿಂದ, ಒಂದೇ ದಪ್ಪದಲ್ಲಿ, ಒಬ್ಬರ ಸಹಿಗೆ ಇನ್ನೊಬ್ಬರದು ತಾಗದ ಹಾಗೆ ಹಾಕಿದ್ದರು. ಸರ್ಟಿಫಿಕೇಟ್ ಕೊಟ್ಟವರು ಯಾರು ಅಂತ ಆಗ ನೋಡಿದೆ. ಮಾರಿದವರೇ. ಮಾರುವವನೇ ಬರೆದುಕೊಟ್ಟ ಇ.ಸಿ. ಅದು. ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿರಲಿಲ್ಲ. ತುಂಬಾ ದಿನ ಬೇಜಾರಾಗಿತ್ತು.

ಜೆರ್ಸಿ ಕೊಳ್ಳುವವರು ಒಂದು ಮಾತನ್ನು ಖಡಾಖಂಡಿತವಾಗಿ ಕೇಳಿ. ಪಂದ್ಯದಲ್ಲಿ ತೊಟ್ಟದ್ದಾ, ಆಟಗಾರನಿಗೆ ಅಂತ ಹೊಲಿಸಿ ತೊಡದೆ ಉಳಿದದ್ದಾ, ಅಥವಾ ಅಂಗಡಿಯಲ್ಲಿ ಸಿಗುವ ಅದೇ ಥರದ್ದಕ್ಕೆ ಸಹಿ ಹಾಕಿಸಿದ್ದಾ? ಮೂರಕ್ಕೂ ಬೆಲೆ ಬೇರೆ. ಉತ್ತರ ಜಾರಿಕೊಂಡರೆ ಮೂರನೆಯದು ಅಂತಲೇ ತಿಳಿದುಕೊಳ್ಳಿ.

ಕ್ರಿಕೆಟ್ ವಸ್ತುಗಳ ಬೆಲೆಯ ಬಗ್ಗೆ ಪೇಪರಿನಲ್ಲಿ ಬರುವ ಅಂಕಿಗಳನ್ನೂ ಸ್ವಲ್ಪ ನಿಧಾನವಾಗಿ ಓದಬೇಕು. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಆಡಿದ ಬ್ಯಾಟು ಅದೇ ವರ್ಷ ಲಂಡನ್ನಿನಲ್ಲಿ 1 ಲಕ್ಷ ಪೌಂಡಿಗೆ ಹೋಯಿತು. ಆಸ್ಟ್ರೇಲಿಯದ ಶೇನ್ ವಾರ್ನ್ ಅವರ ಹಸಿರು ಟೆಸ್ಟ್ ಟೋಪಿ 2020ರ ಜನವರಿಯಲ್ಲಿ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು. ಆದರೆ ಮೊದಲನೆಯದು ದತ್ತಿ ಊಟದ ಕೂಟದಲ್ಲಿ ಆದ ಹರಾಜು, ಎರಡನೆಯದು ಕಾಡ್ಗಿಚ್ಚಿನ ಸಂತ್ರಸ್ತರಿಗೆ ಹಣ ಎತ್ತಲು ಮಾಡಿದ್ದು. ಅಲ್ಲಿ ಜನ ಕೊಟ್ಟದ್ದರಲ್ಲಿ ದಾನವೂ ಸೇರಿತ್ತು. ದೇವಸ್ಥಾನದ ಹರಾಜಿನಲ್ಲಿ ತೆಂಗಿನಕಾಯಿ ಸಾವಿರಾರು ರೂಪಾಯಿಗೆ ಹೋದರೆ ಮಾರ್ಕೆಟ್ಟಿನಲ್ಲಿ ಕಾಯಿ ಬೆಲೆ ಅಷ್ಟಾಯಿತು ಅಂತ ಯಾರೂ ಅನ್ನುವುದಿಲ್ಲ. ಹೋಲಿಸಿ ನೋಡಿ: ಬ್ರಾಡ್‌ಮನ್ ತಮ್ಮ ಮೊದಲ ಟೆಸ್ಟ್ ಸರಣಿಯಲ್ಲಿ, 1928ರಲ್ಲಿ, ಪಡೆದ ಟೋಪಿ 2020ರ ಡಿಸೆಂಬರ್‌ನಲ್ಲಿ ಹೋದದ್ದು 4,50,000 ಆಸ್ಟ್ರೇಲಿಯನ್ ಡಾಲರಿಗೆ. ಬ್ರಾಡ್‌ಮನ್ ದೊಡ್ಡವರಾ ವಾರ್ನ್ ದೊಡ್ಡವರಾ ಅನ್ನೋ ಪ್ರಶ್ನೆಗೆ ಈ ಅಂಕಿಗಳಲ್ಲಿ ಉತ್ತರ ಇಲ್ಲ.

ಹರಾಜಿನ ಇನ್ನೊಂದು ಗುಟ್ಟು. 1947-48ರಲ್ಲಿ ಭಾರತದ ವಿರುದ್ಧ ಬ್ರಾಡ್‌ಮನ್ ಹಾಕಿಕೊಂಡಿದ್ದ ಟೋಪಿ 2024ರ ಡಿಸೆಂಬರ್‌ನಲ್ಲಿ ಸಿಡ್ನಿಯಲ್ಲಿ ಹರಾಜಾಯಿತು. ಕೊನೆಯ ಕೂಗಿಗೆ ಸುತ್ತಿಗೆ ಬಿದ್ದದ್ದು 3,90,000 ಆಸ್ಟ್ರೇಲಿಯನ್ ಡಾಲರಿಗೆ. ಕೊಂಡವರು ಕೊಟ್ಟದ್ದು 4,79,700. ನಡುವಿನ 89,700 ಡಾಲರು ಹರಾಜು ಸಂಸ್ಥೆಯ ಪಾಲು. ನಾಳೆ ಅದೇ ಟೋಪಿಯನ್ನು ಅದೇ ಬೆಲೆಗೆ ಮಾರಿದರೂ ಅಷ್ಟು ದುಡ್ಡು ಕೈಬಿಟ್ಟು ಹೋದಂತೆಯೇ.

ನಮ್ಮ ಹುಡುಗನಿಗೆ ಸಣ್ಣ ಲೆಕ್ಕವನ್ನೇ ಹಾಕಿ ತೋರಿಸಿದೆ. ಒಂದು ಕಾರ್ಡಿಗೆ 20,000 ಕೊಟ್ಟೆ ಅಂದುಕೊಳ್ಳೋಣ. ಮೂರು ವರ್ಷ ಬಿಟ್ಟು 26,000ಕ್ಕೆ ಮಾರಿದೆ. ಮಾರುವ ವೆಬ್‌ಸೈಟು 13% ಹಿಡಿದುಕೊಂಡರೆ 3,380 ಹೋಯಿತು. ಪ್ಯಾಕಿಂಗು, ವಿಮೆ, ಹೊರದೇಶಕ್ಕೆ ಕೊರಿಯರ್ ಅಂತ 1,500. ಕೈಗೆ ಬಂದದ್ದು 21,120. ಲಾಭ 1,120. ಅದೇ 20,000ವನ್ನು 7% ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ 24,500 ಆಗುತ್ತಿತ್ತು. ತರಿಸುವಾಗ ಕಟ್ಟಿದ ಕಸ್ಟಮ್ಸ್ ಸುಂಕವನ್ನು ನಾನು ಸೇರಿಸಿಯೇ ಇಲ್ಲ. ಕಾರ್ಡು ಬಡ್ಡಿ ಕೊಡುವುದಿಲ್ಲ, ಬಾಡಿಗೆ ತರುವುದಿಲ್ಲ. ಮಾರಿದ ದಿನ ಏನು ಬಂತೋ ಅಷ್ಟೇ.

ಬೆಲೆ ಬೀಳುವುದೂ ಅಷ್ಟೇ ಜೋರು. ಬ್ಯಾಸ್ಕೆಟ್‌ಬಾಲ್‌ನ ಮೈಕಲ್ ಜೋರ್ಡನ್ ಅವರ 1986ರ ಫ್ಲೀರ್ ಕಂಪನಿಯ ಕಾರ್ಡು, 10 ಅಂಕದ್ದು, 2021ರ ಜನವರಿಯಲ್ಲಿ 7,38,000 ಡಾಲರಿಗೆ ಹೋಯಿತು. ಲಾಕ್‌ಡೌನ್ ಕಾಲ, ಮನೆಯಲ್ಲಿ ಕೂತ ಜನ, ಕೈಯಲ್ಲಿ ಫೋನು. ಮುಂದಿನ ವರ್ಷದ ಹೊತ್ತಿಗೆ ಅದು 2 ಲಕ್ಷ ಡಾಲರಿನ ಆಸುಪಾಸಿಗೆ ಬಂದಿತ್ತು. ಸಾಮಾನ್ಯದ ಕಾರ್ಡಲ್ಲ ಅದು, ಎಲ್ಲರೂ ಕಣ್ಣಿಟ್ಟ ಕಾರ್ಡು. ಇನ್ನೂ ಆಡುತ್ತಿರುವ ಹುಡುಗರ ಕಾರ್ಡಿನ ಗತಿ ಕೇಳಬೇಡಿ. ಒಂದು ಮಂಡಿ ಗಾಯ ಸಾಕು.

ಜನರಿಂದ ಮೊದಲೇ ದುಡ್ಡು ತೆಗೆದುಕೊಂಡು, ಲೈವ್ ವಿಡಿಯೊದಲ್ಲಿ ಹೊಸ ಕಾರ್ಡಿನ ಡಬ್ಬಿ ಒಡೆದು ಒಳಗೆ ಸಿಕ್ಕಿದ್ದನ್ನು ಅವರಿಗೆ ಹಂಚುವ ಆಟ ಇದೆ. ಅದು ಹೂಡಿಕೆ ಅಲ್ಲ, ಲಾಟರಿ. ಕೈಗೆ ಸಿಗದೆ ಬರೀ ಕಂಪ್ಯೂಟರಿನಲ್ಲಿರುವ ಡಿಜಿಟಲ್ ಕಾರ್ಡು, ಎನ್‌ಎಫ್‌ಟಿ ಅಂತ ಬಂದವು ಇನ್ನೊಂದು ಜಾತಿ. ಅದರ ಲಾಭಕ್ಕೆ 2022ರ ಏಪ್ರಿಲ್‌ನಿಂದ 30% ತೆರಿಗೆ, ನಷ್ಟವನ್ನು ಬೇರೆ ಲಾಭದ ಜೊತೆ ವಜಾ ಮಾಡಿಕೊಳ್ಳಲೂ ಬಿಡುವುದಿಲ್ಲ.

ತೆರಿಗೆ ಅಂದಾಗ ಹೇಳಿಬಿಡುತ್ತೇನೆ. ಹೂಡಿಕೆ ಅಂತ ಕೊಂಡ ಕಾರ್ಡು, ಬ್ಯಾಟುಗಳನ್ನು 24 ತಿಂಗಳಿಗಿಂತ ಜಾಸ್ತಿ ಇಟ್ಟು ಮಾರಿದರೆ, 2024ರ ಜುಲೈ 23ರ ಬದಲಾವಣೆಯ ಪ್ರಕಾರ ಲಾಭದ ಮೇಲೆ 12.5%. ಅದಕ್ಕಿಂತ ಮೊದಲೇ ಮಾರಿದರೆ ನಿಮ್ಮ ಆದಾಯದ ಸ್ಲ್ಯಾಬಿಗೆ ಸೇರುತ್ತದೆ. ಸ್ವಂತ ಬಳಕೆಯ ವಸ್ತುಗಳಿಗೆ ಬೇರೆ ನಿಯಮ ಇದೆ, ಆದರೆ ಲಾಭಕ್ಕೆ ಅಂತಲೇ ಕೊಂಡು ಸೀಲ್ ಮಾಡಿಸಿಟ್ಟದ್ದನ್ನು ಸ್ವಂತ ಬಳಕೆ ಅಂತ ತೋರಿಸುವ ಮುಂಚೆ ಆಡಿಟರ್ ಹತ್ತಿರ ಕೂತು ಮಾತಾಡಿ. ಬಿಲ್ಲು ಎಸೆಯಬೇಡಿ. ಷೇರಿಗೆ ಇರುವಂತೆ ಇಲ್ಲಿ ಸೆಬಿ ಕಾವಲು ಇಲ್ಲ, ಮೋಸವಾದರೆ ನಿಮ್ಮ ಕೈಯಲ್ಲಿರುವುದು ಆ ಬಿಲ್ಲೊಂದೇ. ಮತ್ತೆ, ಮನೆಯ ಅಟ್ಟದಲ್ಲಿ ಹಳೇ ಗಂಜೀಫಾ ಸೆಟ್ಟಿನಂಥದ್ದು ಸಿಕ್ಕಿ, ಅದಕ್ಕೆ ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾನೂನು ಅಡ್ಡ ಬರುತ್ತದೆ. ಹೊರದೇಶಕ್ಕೆ ಮಾರುವ ಹಾಗಿಲ್ಲ.

ಹಾಗಾದರೆ ಮೈಸೂರು, ಮಂಡ್ಯದವರು ಇದರಲ್ಲಿ ಕೈ ಹಾಕಲೇಬಾರದಾ? ನಾನು ಹಾಗೆ ಹೇಳುವುದಿಲ್ಲ. ನ್ಯೂಯಾರ್ಕಿನ ಕಾರ್ಡಿನಲ್ಲಿ ನಮಗೆ ಯಾವ ಅನುಕೂಲವೂ ಇಲ್ಲ. ಅಲ್ಲಿಯವರಿಗೆ ನಮಗಿಂತ ಮೊದಲೇ ಎಲ್ಲ ಗೊತ್ತಿರುತ್ತದೆ. ಆದರೆ ಇಲ್ಲಿಯ ಕ್ರಿಕೆಟ್ಟಿನ ಪುರಾವೆ ನಮ್ಮ ಕೈಯಳತೆಯಲ್ಲಿದೆ. 1934ರಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ಮದ್ರಾಸ್ ಮತ್ತು ಮೈಸೂರು ತಂಡ. 236 ಟೆಸ್ಟ್ ವಿಕೆಟ್ ತೆಗೆದ ಶ್ರೀನಾಥ್ ಮೈಸೂರಿನವರು. 1999ರ ಫೆಬ್ರವರಿಯಲ್ಲಿ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ತೆಗೆಯುವಾಗ, ಹತ್ತನೆಯದು ಅವರಿಗೇ ಸಿಗಲಿ ಅಂತ ಇನ್ನೊಂದು ತುದಿಯಿಂದ ಬೇಕೆಂದೇ ಆಫ್ ಸ್ಟಂಪಿನ ಆಚೆ ಚೆಂಡು ಹಾಕುತ್ತಿದ್ದವರೂ ಶ್ರೀನಾಥರೇ. ಇಲ್ಲಿಯ ಕ್ಲಬ್ಬುಗಳಲ್ಲಿ, ಹಳೇ ಆಟಗಾರರ ಮನೆಗಳಲ್ಲಿ ಸ್ಕೋರ್ ಪುಸ್ತಕ, ಫೋಟೊ, ಬ್ಲೇಜರ್, ಆಹ್ವಾನಪತ್ರ ಇರುತ್ತವೆ. ಇಂಥವುಗಳ ಕಥೆಯನ್ನು ನೀವು ಸ್ವತಃ ಹೋಗಿ ಕೇಳಬಹುದು, ಹೇಳುವವರ ಮುಖ ನೋಡಬಹುದು. ಆ ಜನ ಇರುವಾಗಲೇ ಕೇಳಬೇಕು.

ಜೋಪಾನದ ವಿಷಯದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಲ್ಯಾಮಿನೇಷನ್. ಮಂಡ್ಯದ ದೊಡ್ಡಪ್ಪ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ 1996ರ ಮಾರ್ಚ್ 9ರಂದು ನಡೆದ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ ನೋಡಿದವರು. ಸೋಹೈಲ್ ಬೌಂಡರಿ ಹೊಡೆದು ಬೆರಳು ತೋರಿಸಿದ್ದು, ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಸ್ಟಂಪ್ ಎಗರಿಸಿದ್ದು, ಅದೇ ಪಂದ್ಯ. ಟಿಕೆಟನ್ನು ಪ್ರೀತಿಯಿಂದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿಬಿಟ್ಟಿದ್ದಾರೆ. ಬಿಸಿಗೆ ಕರಗಿದ ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ಜೋರ್ಡನ್ ಅವರು ಎನ್‌ಬಿಎ ಅನ್ನೋ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಆಡಿದ ಮೊದಲ ಪಂದ್ಯದ, 1984ರ ಅಕ್ಟೋಬರ್ 26ರ, ಬಳಸದೆ ಉಳಿದ ಒಂದು ಟಿಕೆಟ್ 2022ರಲ್ಲಿ 4,68,000 ಡಾಲರಿಗೆ ಹೋಗಿದೆ. ಜೊತೆಗೆ ಬರಲು ಯಾರೂ ಸಿಗದೆ ಒಬ್ಬ ಕಾಲೇಜು ಹುಡುಗನ ಬಳಿ ಉಳಿದುಹೋದ ಟಿಕೆಟ್ ಅದು. ಹಾಗಾಗಿ ಕಾಗದಕ್ಕೆ ಲ್ಯಾಮಿನೇಷನ್ ಬೇಡ, ಟೇಪ್ ಬೇಡ. ಪಿವಿಸಿ ಇಲ್ಲದ ಪಾಲಿಯೆಸ್ಟರ್ ಕವರಿನಲ್ಲಿಡಿ. ಬೀರುವಿನಲ್ಲಿ ನುಸಿಗುಳಿಗೆ ಇಡುವ ಜಾಗದಿಂದ ದೂರ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಸಹಿ ಇರುವ ಬ್ಯಾಟಿಗೆ ಎಣ್ಣೆ ಹಚ್ಚಬೇಡಿ, ವಾರ್ನಿಷ್ ಹೊಡೆಸಬೇಡಿ, ಕಿಟಕಿ ಎದುರು ನೇತು ಹಾಕಬೇಡಿ. ಬಿಸಿಲಿಗೆ ಮಾರ್ಕರ್ ಪೆನ್ನಿನ ಸಹಿ ಕೆಲವೇ ವರ್ಷದಲ್ಲಿ ಮಾಸುತ್ತದೆ.

ಮೊನ್ನೆ ಭಾನುವಾರ ಅಕ್ಕನ ಮಗನನ್ನೂ ಕರೆದುಕೊಂಡು ಮಂಡ್ಯಕ್ಕೆ ಹೋಗಿದ್ದೆ. ಟಿಕೆಟ್ ಹೇಗಿದೆಯೋ ಹಾಗೇ ಇರಲಿ, ಅದರ ಕಥೆಯನ್ನಾದರೂ ಬರೆದಿಡೋಣ ಅಂದೆ. ದೊಡ್ಡಪ್ಪ ಹೇಳುತ್ತಾ ಹೋದರು, ಅವನು ಬರೆದುಕೊಂಡ. ಯಾವ ಸ್ಟ್ಯಾಂಡು, ಟಿಕೆಟ್ ಯಾರು ತಂದುಕೊಟ್ಟರು, ಜೊತೆಗೆ ಯಾರ್ಯಾರು ಇದ್ದರು, ಕೊನೆಯಲ್ಲಿ ಜಡೇಜ ವಕಾರ್‌ಗೆ ಹೊಡೆಯುವಾಗ ಪಕ್ಕದವರು ಕುರ್ಚಿ ಮೇಲೆ ಹತ್ತಿ ನಿಂತದ್ದು. ಟಿಕೆಟ್ ಹಿಡಿದ ದೊಡ್ಡಪ್ಪನ ಫೋಟೊ ತೆಗೆದೆವು. ಬರೆದದ್ದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದು ಕಡೆ ತಡೆದರು. "ವಾಪಸ್ ಬಂದದ್ದು ಟ್ರೇನಲ್ಲಲ್ಲ ಕಣೋ, ಬಸ್ಸಲ್ಲಿ. ಮನೆ ಸೇರಿದಾಗ ಬೆಳಗಿನ ಜಾವ." ಅವನು ಆ ಸಾಲು ಹೊಡೆದುಹಾಕಿ ಸರಿಯಾಗಿ ಬರೆದ. ದೊಡ್ಡಪ್ಪ ತಿದ್ದಿದ ಪದದ ಪಕ್ಕ ಒಂದು, ಕೆಳಗೆ ಒಂದು ಸಹಿ ಹಾಕಿ, ತಾರೀಖು ಬರೆದರು.